ಅಗ್ಗ ಯಾಕೆ? ಕ್ಲಿಯರೆನ್ಸ್ ಸೇಲ್‌ಗೆ ಹೊಸಬರ ಕೈಪಿಡಿ

ಆಷಾಢ ಹುಟ್ಟುವ ಮೊದಲೇ ಬೆಂಗಳೂರಿನ ಪೇಪರುಗಳ ಮುಖಪುಟ ಜಾಹೀರಾತಿನಿಂದ ಕೆಂಪಾಗುತ್ತದೆ. ಫ್ಲಾಟ್ 50, ಅಪ್‌ಟು 70, ಬೈ ಟು ಗೆಟ್ ಒನ್. ಮದುವೆ-ಮುಂಜಿ ನಡೆಯದ ತಿಂಗಳು, ಜವಳಿ ಅಂಗಡಿಗೆ ವ್ಯಾಪಾರ ತೆಳು. ಮುಂದೆ ಶ್ರಾವಣ ಬಂದರೆ ವರಮಹಾಲಕ್ಷ್ಮಿ, ಅದರ ಬೆನ್ನಿಗೇ ಗೌರಿ-ಗಣೇಶ ಅಂತ ಹೊಸ ಮಾಲು ಇಳಿಯಬೇಕು, ಅಷ್ಟರಲ್ಲಿ ರ‍್ಯಾಕ್ ಖಾಲಿಯಾಗಿರಬೇಕು. ಕ್ಲಿಯರೆನ್ಸ್ ಸೇಲ್‌ನ ಒಳಗುಟ್ಟು ಇಷ್ಟೇ: ಅಂಗಡಿಯವನಿಗೆ ಆ ವಸ್ತುವಿಗಿಂತ ಅದು ಕೂತಿರುವ ಜಾಗ ದುಬಾರಿಯಾಗಿದೆ.

ಹಾಗೆ ಜಾಗ ಬಿಡಬೇಕಾದ ವಸ್ತುಗಳಲ್ಲಿ ಎರಡು ಜಾತಿ. ವಸ್ತುವಿನಲ್ಲಿ ಏನೂ ಕೊರತೆಯಿಲ್ಲ, ಸೀಸನ್ ಮುಗಿಯಿತು ಅಥವಾ ಎರಡೇ ಸೈಜ್ ಉಳಿಯಿತು ಎಂದು ಬೆಲೆ ಇಳಿದವು ಒಂದು. ವಸ್ತುವಿನಲ್ಲೇ ಏನೋ ಕೆಟ್ಟು ಬೆಲೆ ಇಳಿದವು ಇನ್ನೊಂದು. ಎರಡರ ಮೇಲೂ ಅಂಟಿಸುವುದು ಒಂದೇ ಕೆಂಪು ಸ್ಟಿಕ್ಕರ್. ಇವೆರಡನ್ನು ಬೇರೆ ಮಾಡಲು ಬಂದರೆ ಮುಕ್ಕಾಲು ವಿದ್ಯೆ ಬಂದಂತೆ. ಮಿಕ್ಕ ಕಾಲು ಭಾಗ ಬರೀ ತಾಳ್ಮೆ.

ಹಂತ 1: ಮನೆಯಿಂದ ಹೊರಡುವ ಮೊದಲು

ಬೇಕಾದ್ದರ ಪಟ್ಟಿ ಬರೆಯಿರಿ, ಪ್ರತಿಯೊಂದರ ಪಕ್ಕದಲ್ಲಿ ಅದು ಸೇಲ್ ಇಲ್ಲದ ದಿನ ಎಷ್ಟಕ್ಕೆ ಸಿಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ಎಂಆರ್‌ಪಿ ಬೇಡ, ನಿಜವಾಗಿ ಮಾರಾಟವಾಗುವ ಬೆಲೆ ಬೇಕು. ಮಿಕ್ಸಿಯ ಡಬ್ಬದ ಮೇಲೆ 6,000 ಎಂದು ಅಚ್ಚಾಗಿದ್ದು ವರ್ಷವಿಡೀ 3,800ಕ್ಕೆ ಮಾರುತ್ತಿದ್ದರೆ, ಸೇಲ್‌ನಲ್ಲಿ 'ಅರ್ಧ ಬೆಲೆ' ಎಂದು 3,000ಕ್ಕೆ ಕೊಟ್ಟಾಗ ನಿಮಗೆ ಉಳಿಯುವುದು 800 ರೂಪಾಯಿ. ಒಂದು ಟೇಪನ್ನೂ ಚೀಲಕ್ಕೆ ಹಾಕಿಕೊಳ್ಳಿ. ಮನೆಯವರ ಎದೆ, ಸೊಂಟ, ಪ್ಯಾಂಟಿನ ಉದ್ದ, ಮಂಚದ ಅಳತೆ, ಕಿಟಕಿಯ ಎತ್ತರ ಫೋನಿನಲ್ಲಿ ಇರಲಿ. ಸೇಲ್ ದಿನ ಟ್ರಯಲ್ ರೂಮಿನ ಮುಂದೆ ಕ್ಯೂ ಇರುತ್ತದೆ, ಕೆಲವು ಕಡೆ ಟ್ರಯಲ್ ರೂಮೇ ಮುಚ್ಚಿರುತ್ತದೆ.

ಹಂತ 2: ತಿಂಗಳು ನೋಡಿ ಹೊರಡಿ

ಬ್ರ್ಯಾಂಡ್ ಬಟ್ಟೆ ಅಂಗಡಿಗಳ ಸೀಸನ್ ಸೇಲ್ ವರ್ಷಕ್ಕೆ ಎರಡು ಸಲ. ಜೂನ್ ಕೊನೆಯಿಂದ ಜುಲೈ-ಆಗಸ್ಟ್ ತನಕ ಒಂದು, ಡಿಸೆಂಬರ್ ಕೊನೆಯಿಂದ ಜನವರಿ ದಾಟುವ ತನಕ ಇನ್ನೊಂದು. ಮೊದಲನೆಯದು ನಮ್ಮ ಆಷಾಢದ ಜೊತೆ ಬೆರೆತುಹೋಗುತ್ತದೆ. ಜನವರಿ 26 ಮತ್ತು ಆಗಸ್ಟ್ 15ರ ಸೇಲ್‌ಗಳು ಮಾರ್ಟ್‌ಗಳ ಹಬ್ಬ. ಗಣರಾಜ್ಯೋತ್ಸವಕ್ಕೆ ಟ್ರಾಲಿ ತುಂಬಿಸುವ ಚಟ ಊರಿಗೆ ಹತ್ತಿದ್ದು 2006ರಲ್ಲಿ ಬಿಗ್ ಬಜಾರ್ 'ಸಬ್‌ಸೇ ಸಸ್ತಾ ದಿನ್' ಶುರುಮಾಡಿದ ಮೇಲೆ. ಬಿಗ್ ಬಜಾರ್ ಬಾಗಿಲು ಹಾಕಿತು, ಚಟ ಬಿಡಲಿಲ್ಲ.

ಸೇಲ್‌ನ ಒಳಗೂ ಒಂದು ಕ್ರಮವಿದೆ. ಮೊದಲ ವಾರ ರಿಯಾಯಿತಿ ಕಡಿಮೆ, ಆಯ್ಕೆ ಹೆಚ್ಚು. ದಿನ ಕಳೆದಂತೆ 40 ಇದ್ದದ್ದು 50 ಆಗುತ್ತದೆ, ಕೊನೆಯ ವಾರ 70 ಮುಟ್ಟುತ್ತದೆ. ಆ ಹೊತ್ತಿಗೆ ಮಧ್ಯಮ ಸೈಜ್‌ಗಳೆಲ್ಲ ಖಾಲಿ. ತೀರಾ ಸಣ್ಣವರು, ತೀರಾ ದೊಡ್ಡವರು ಇಲ್ಲಿ ಪುಣ್ಯವಂತರು. 36 ಅಥವಾ 46 ಸೈಜ್ ಅಂಗಿ ತೊಡುವವರು ಮೊದಲ ವಾರ ಪೇಟೆಗೆ ಕಾಲಿಡಬೇಕಾಗಿಲ್ಲ, ನಿಮ್ಮದು ನಿಮಗಾಗಿ ಕಾದಿರುತ್ತದೆ. 40-42ರವರು ಹೆಚ್ಚು ಆಸೆಪಡದೆ 40-50 ಪರ್ಸೆಂಟಿಗೇ ಎತ್ತಿಕೊಳ್ಳುವುದು ಒಳ್ಳೆಯದು. ಸ್ವೆಟರ್, ಜರ್ಕಿನ್, ಕಂಬಳಿಗೆ ಫೆಬ್ರವರಿ ಒಳ್ಳೆಯ ತಿಂಗಳು. ರೇನ್‌ಕೋಟು ಮಳೆ ನಿಂತ ಮೇಲೆ. ಸ್ಕೂಲ್ ಬ್ಯಾಗು, ನೀರಿನ ಬಾಟಲಿಗೆ ಶಾಲೆ ಶುರುವಾಗಿ ಒಂದು ತಿಂಗಳು ಕಳೆಯಬೇಕು. ವಾರದಲ್ಲಿ ಮಂಗಳವಾರ, ಬುಧವಾರ ಬೆಳಿಗ್ಗೆ ಅಂಗಡಿ ತೆರೆದ ಮೊದಲ ಗಂಟೆ ಪ್ರಶಸ್ತ. ಭಾನುವಾರದ ಗಲಾಟೆಯಲ್ಲಿ ಕೆದಕಿಹೋದ ಮಾಲನ್ನು ಆಗಷ್ಟೇ ಜೋಡಿಸಿಟ್ಟಿರುತ್ತಾರೆ, ಕೇಳಿದ್ದಕ್ಕೆ ಉತ್ತರ ಹೇಳುವಷ್ಟು ಪುರುಸೊತ್ತೂ ಅವರಿಗಿರುತ್ತದೆ.

ಗಾಂಧಿ ಜಯಂತಿಯ ಖಾದಿ ರಿಯಾಯಿತಿಯನ್ನು ಇದರಲ್ಲಿ ಸೇರಿಸಬಾರದು, ಆದರೂ ಹೇಳದೆ ಬಿಡಲಾರೆ. ಅಕ್ಟೋಬರ್ 2ರಿಂದ ಖಾದಿ ಭಂಡಾರಗಳಲ್ಲಿ ಸಿಗುವ ರಿಬೇಟ್ ಉಳಿದ ಮಾಲಿಗೆ ಹಾಕಿದ ಬೆಲೆಯಲ್ಲ. ಹೊಸ ತಾನು, ಹೊಸ ಟವಲ್ಲಿಗೂ ರಿಯಾಯಿತಿ ಸಿಗುತ್ತದೆ. ಅಗ್ಗದ ಕಾರಣವನ್ನು ಹುಡುಕಬೇಕಾಗಿಲ್ಲದ ಸೇಲ್ ನನಗೆ ಗೊತ್ತಿರುವಂತೆ ಇದೊಂದೇ.

ಹಂತ 3: ಯಾವ ಅಂಗಡಿ?

ಬ್ರ್ಯಾಂಡಿನ ಸ್ವಂತ ಮಳಿಗೆಯ ಸೀಸನ್ ಸೇಲ್ ಹೊಸಬರಿಗೆ ಸಲೀಸು. ಮಾಲು ಆ ವರ್ಷದ್ದೇ, ಬಿಲ್ ಸಿಗುತ್ತದೆ, ಎಕ್ಸ್‌ಚೇಂಜ್‌ಗೆ ನಿಯಮವಿರುತ್ತದೆ. ಮಾರತ್‌ಹಳ್ಳಿಯ ರಿಂಗ್ ರೋಡಿನ ಉದ್ದಕ್ಕೂ ಕಾಣುವ ಫ್ಯಾಕ್ಟರಿ ಔಟ್‌ಲೆಟ್‌ಗಳಲ್ಲಿ ಮಾಲು ಒಂದೆರಡು ಸೀಸನ್ ಹಳೆಯದಿರಬಹುದು. ಔಟ್‌ಲೆಟ್‌ಗೆಂದೇ ಕಡಿಮೆ ದರ್ಜೆಯ ಬಟ್ಟೆಯಲ್ಲಿ ಹೊಲಿಸಿದ್ದೂ ಅದರ ನಡುವೆ ಸೇರಿರಬಹುದು. ಟ್ಯಾಗಿನ ಮೇಲೆ ತಯಾರಾದ ತಿಂಗಳು-ವರ್ಷ ಇದ್ದರೆ ಓದಿ.

ನಿಜವಾದ ಬೇಟೆ ಎಂದರೆ ಎಕ್ಸ್‌ಪೋರ್ಟ್ ಸರ್‌ಪ್ಲಸ್. ಬೆಂಗಳೂರಿಗೆ ಈ ಭಾಗ್ಯ ಬಂದದ್ದು ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಿಂದ. ವಿದೇಶಿ ಆರ್ಡರಿಗೆ ಬಟ್ಟೆ ಹೊಲಿಯುವಾಗ ಕತ್ತರಿಯಲ್ಲೋ ಹೊಲಿಗೆಯಲ್ಲೋ ಹಾಳಾಗಬಹುದೆಂದು ಫ್ಯಾಕ್ಟರಿ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ ತಯಾರಿಸುತ್ತದೆ. ಆ ಹೆಚ್ಚುವರಿ ಒಂದು. ಹಡಗು ತಪ್ಪಿತೆಂದೋ, ಬಣ್ಣ ಒಪ್ಪಿಕೊಂಡ ಮಾದರಿಗಿಂತ ಒಂದು ಎಳೆ ಕಡು ಬಂತೆಂದೋ ಖರೀದಿದಾರ ಬೇಡವೆಂದದ್ದು ಇನ್ನೊಂದು. ಇವೆರಡೂ ನಮಗೆ ಬಂಗಾರ. ಮೂರನೆಯದು ರಿಜೆಕ್ಟ್: ತೂತು, ಕಲೆ, ಅಡ್ಡಾದಿಡ್ಡಿ ಹೊಲಿಗೆ. ಕಮರ್ಷಿಯಲ್ ಸ್ಟ್ರೀಟ್, ಜಯನಗರ 4ನೇ ಬ್ಲಾಕಿನ ಇಂಥ ಅಂಗಡಿಗಳಲ್ಲಿ ಮೂರೂ ಒಂದೇ ಗುಡ್ಡೆಯಲ್ಲಿ ಕಲಸಿ ಬಿದ್ದಿರುತ್ತವೆ.

ಕತ್ತಿನ ಬಳಿಯ ಬ್ರ್ಯಾಂಡ್ ಲೇಬಲ್ ಕತ್ತರಿಸಿದ್ದರೆ ಅಥವಾ ಅದರ ಮೇಲೆ ಮಾರ್ಕರ್ ಪೆನ್ನಿನ ಗೀಟು ಇದ್ದರೆ ಗಾಬರಿ ಬೇಡ, ಬ್ರ್ಯಾಂಡಿನ ಹೆಸರಲ್ಲಿ ಮಾರಬಾರದೆಂದು ಹಾಗೆ ಮಾಡುತ್ತಾರೆ. ನೀವು ನೋಡಬೇಕಾದದ್ದು ಒಳಗೆ, ಪಕ್ಕೆಯ ಹೊಲಿಗೆಗೆ ಸಿಕ್ಕಿಸಿರುವ ಪುಟ್ಟ ವಾಷ್‌ಕೇರ್ ಲೇಬಲ್. ಹತ್ತಿ ಎಷ್ಟು, ಪಾಲಿಯೆಸ್ಟರ್ ಎಷ್ಟು, ಹೇಗೆ ಒಗೆಯಬೇಕು ಎಲ್ಲ ಅಲ್ಲಿದೆ. 'ಆರ್‌ಎನ್' ಎಂದು ಬರೆದು ಮುಂದೆ ಅಂಕಿ ಇದ್ದರೆ ಅದು ಅಮೆರಿಕದ ಮಾರುಕಟ್ಟೆಗೆ ಹೊಲಿದ ಬಟ್ಟೆಗಳಲ್ಲಿ ಕಾಣುವ ನೋಂದಣಿ ಸಂಖ್ಯೆ. ಕತ್ತಿನ ಲೇಬಲ್ ಮಾತ್ರ ಥಳಥಳ ಹೊಸದಾಗಿದ್ದು ಒಳಗಿನ ಲೇಬಲ್ಲೇ ಇಲ್ಲವೆಂದರೆ ಅದು ಸರ್‌ಪ್ಲಸ್ ಅಲ್ಲ, ಹಿಂದಿನ ಬೀದಿಯಲ್ಲಿ ಹೊಲಿದದ್ದು. ಹಾಗೆಂದು ಕೆಟ್ಟದೆಂದೇನಲ್ಲ, ಆ ಬೆಲೆಗೆ ಕೇಳಿ ಅಷ್ಟೆ.

ಹಂತ 4: ಒಳಗೆ ಹೋದ ಮೇಲೆ ಹಿಂದಕ್ಕೆ ನಡೆಯಿರಿ

ಬಾಗಿಲ ಬಳಿ ಮೆರೆಯುವುದು ಹೊಸ ಮಾಲು. 'ಸೇಲ್' ಎಂಬ ಬೋರ್ಡಿನ ಕೆಳಗೇ 'ನ್ಯೂ ಅರೈವಲ್' ಇಟ್ಟಿರುತ್ತಾರೆ, ಬೋರ್ಡ್ ಅದಕ್ಕೆ ಅನ್ವಯಿಸುವುದಿಲ್ಲ. ನೇರವಾಗಿ ಹಿಂದಿನ ಗೋಡೆಗೆ ಹೋಗಿ. ಮಾರ್ಟ್‌ಗಳಲ್ಲಾದರೆ ಸಾಲುಗಳ ತುದಿಯ ರ‍್ಯಾಕು, ಬಿಲ್ಲಿಂಗ್ ಕೌಂಟರಿಗೆ ಹೋಗುವ ದಾರಿಯ ಬುಟ್ಟಿ, ಲಿಫ್ಟಿನ ಪಕ್ಕ ಅನಾಥವಾಗಿ ನಿಂತ ಟ್ರಾಲಿ ನೋಡಿ. ಜೋಡಿ ತಪ್ಪಿದ ದಿಂಬಿನ ಕವರು, ಮುಚ್ಚಳ ನಗ್ಗಿದ ಡಬ್ಬಿ, ಪೆಟ್ಟಿಗೆ ಹರಿದ ಗಾಜಿನ ಲೋಟದ ಸೆಟ್ಟು ಅಲ್ಲಿ ಬಂದು ಬೀಳುತ್ತವೆ.

ಏನಾದರೂ ಕೈಗೆ ಹತ್ತಿದರೆ ಅಲ್ಲಿರುವವರನ್ನು ಕೇಳಿ, "ಅಣ್ಣಾ, ಇದಕ್ಯಾಕೆ ಇಷ್ಟು ಕಮ್ಮಿ?" ಸಂಕೋಚ ಬೇಡ. "ಕಟ್ ಸೈಜ್ ಮೇಡಂ, ಎರಡೇ ಪೀಸ್ ಉಳಿದಿರೋದು" ಎಂದರೆ ಒಳ್ಳೆಯ ಉತ್ತರ. "ಡಿಸ್‌ಪ್ಲೇ ಪೀಸ್" ಎಂದರೆ ಮುಂದಿನ ಹಂತದಲ್ಲಿ ಎರಡು ನಿಮಿಷ ಹೆಚ್ಚು ಕಳೆಯಿರಿ. "ಆಫರ್ ಮೇಡಂ, ಕಂಪೆನಿ ಆಫರ್" ಎಂದು ಮೂರು ಸಲ ಅದನ್ನೇ ಹೇಳಿದರೆ ಅವರಿಗೂ ಗೊತ್ತಿಲ್ಲ, ನೀವೇ ಕಂಡುಹಿಡಿಯಬೇಕು.

ಹಂತ 5: ಕೈ, ಕಣ್ಣು, ಮೂಗು

ಅಂಗಿಯನ್ನು ಒಳಗು ಹೊರಗು ಮಾಡಿ ಟ್ಯೂಬ್‌ಲೈಟಿಗೆ ಎತ್ತಿ ಹಿಡಿಯಿರಿ. ಸೂಜಿತೂತು, ನೂಲು ಎಳೆದ ಜಾಗ, ಇಸ್ತ್ರಿ ಸುಟ್ಟ ಹಳದಿ ಕಲೆ ಬೆಳಕಿನಲ್ಲಿ ತಾನಾಗಿ ಕಾಣುತ್ತದೆ. ಕಂಕುಳ ಮತ್ತು ಕಾಲಿನ ಕವಲಿನ ಹೊಲಿಗೆಯನ್ನು ಎರಡೂ ಕೈಯಿಂದ ಮೆಲ್ಲಗೆ ಎಳೆಯಿರಿ, ಬಾಯಿ ಬಿಡುವುದಾದರೆ ಅಲ್ಲೇ ಬಿಡುತ್ತದೆ. ಗುಂಡಿ ಬಿದ್ದಿದ್ದರೆ ತೊಂದರೆಯಿಲ್ಲ, ಕಾಜ ಹರಿದಿದ್ದರೆ ಯೋಚಿಸಿ. ಜಿಪ್ಪನ್ನು ಪೂರ್ತಿ ಮೇಲೆ ಕೆಳಗೆ ಓಡಿಸಿ. ರನ್ನರ್ ಬದಲಿಸುವುದು ಸುಲಭ, ಹಲ್ಲು ಹೋದರೆ ಇಡೀ ಜಿಪ್ ಬಿಚ್ಚಿ ಹಾಕಬೇಕು. ಭುಜದ ಅಳತೆ ತಪ್ಪಿದ ಕೋಟನ್ನು ಬಿಟ್ಟುಬಿಡಿ. ಉದ್ದ, ಸೊಂಟ, ತೋಳನ್ನು ಆಲ್ಟ್ರೇಷನ್ ಅಂಗಡಿಯವರು ನೋಡಿಕೊಳ್ಳುತ್ತಾರೆ, ಭುಜಕ್ಕೆ ಕೈ ಹಚ್ಚಲು ಅವರಿಗೂ ಇಷ್ಟವಿಲ್ಲ. ಎಲಾಸ್ಟಿಕ್ ಇರುವುದೇನಾದರೂ ಎಳೆದು ಕಿವಿಯ ಹತ್ತಿರ ಹಿಡಿಯಿರಿ. ಚರಚರ ಸದ್ದು ಬಂದರೆ ಒಳಗಿನ ರಬ್ಬರ್ ಒಣಗಿ ಮುರಿಯುತ್ತಿದೆ, ನಾಲ್ಕು ಒಗೆತಕ್ಕೆ ಜೋಲು.

ರೇಷ್ಮೆ ಸೀರೆಗೆ ಬೇರೆಯೇ ಪರೀಕ್ಷೆ. ಕ್ಲಿಯರೆನ್ಸ್‌ಗೆ ಬಂದ ರೇಷ್ಮೆ ಬಹುಕಾಲ ಒಂದೇ ಮಡಿಕೆಯಲ್ಲಿ ಕೂತಿರುತ್ತದೆ, ಎಳೆ ಸೀಳುವುದು ಆ ಮಡಿಕೆಯ ಗೆರೆಯಲ್ಲೇ. ಆದ್ದರಿಂದ ಸೆರಗಿನ ವೈಭವ ನೋಡಿ ಒಪ್ಪಿಕೊಳ್ಳದೆ ಪೂರ್ತಿ ಬಿಚ್ಚಿಸಿ. ಕೌಂಟರಿನ ಮೇಲೆ ಹಾಸಿ ಮಡಿಕೆಯ ಗೆರೆಗಳ ಮೇಲೆ ಬೆರಳಾಡಿಸಿ, ಆಮೇಲೆ ಬೆಳಕಿಗೆ ಹಿಡಿಸಿ. ಗೊಂಬೆಗೆ ಉಡಿಸಿದ ಸೀರೆಯಾದರೆ ಹೊರಗೆ ಕಂಡ ಭಾಗ ದೀಪಕ್ಕೆ ಮಾಸಿರುತ್ತದೆ, ಒಳಮಡಿಕೆಯ ಬಣ್ಣದ ಪಕ್ಕ ಇಟ್ಟರೆ ಅಂತರ ಗೊತ್ತಾಗುತ್ತದೆ. ಜರಿ ಕಪ್ಪಿಟ್ಟಿದೆಯೇ, ಬ್ಲೌಸ್ ಪೀಸ್ ಇದೆಯೇ, ಐದೂವರೆ ಮೀಟರ್ ಪೂರ್ತಿ ಇದೆಯೇ, ಇವಿಷ್ಟು ನೋಡಿ. ಅಂಗಡಿಯ ಹುಡುಗಿ ಸೀರೆ ಬಿಚ್ಚಲು ಮುಖ ಸಿಂಡರಿಸಿದರೆ ಅವಳ ತಪ್ಪಲ್ಲ, ಬೆಳಿಗ್ಗೆಯಿಂದ ನಿಂತೇ ಇರುತ್ತಾಳೆ. ಮಡಿಸಲು ಒಂದು ತುದಿ ನೀವು ಹಿಡಿದುಕೊಳ್ಳಿ.

ಚಪ್ಪಲಿ, ಶೂ ವಿಷಯದಲ್ಲಿ ಹೊಸಬರಷ್ಟೇ ಅಲ್ಲ, ಹಳಬರೂ ಮೋಸಹೋಗುತ್ತಾರೆ. ಹಗುರವಾದ ಮೆತ್ತನೆ ಸೋಲುಗಳಲ್ಲಿ ಅನೇಕವು ಪಾಲಿಯುರೆಥೇನ್‌ನವು. ಈ ವಸ್ತು ಗಾಳಿಯ ತೇವವನ್ನು ಹೀರುತ್ತಾ, ತೊಡದೆ ಡಬ್ಬದಲ್ಲಿ ಇಟ್ಟಿದ್ದರೂ ವರ್ಷಗಳಲ್ಲಿ ಒಳಗಿಂದೊಳಗೇ ಶಿಥಿಲವಾಗುತ್ತದೆ. ಮೇಲಿನ ಚರ್ಮ ಫಳಫಳ ಹೊಸದು. ಹಾಕಿಕೊಂಡು ನಾಲ್ಕು ದಿನ ನಡೆದರೆ ಸೋಲು ಹಳೆಯ ಬ್ರೆಡ್ಡಿನಂತೆ ಪುಡಿಪುಡಿ. ಮಂಗಳೂರು, ಉಡುಪಿ ಕಡೆಯ ತೇವದ ಹವೆಯಲ್ಲಿ ಇನ್ನೂ ಬೇಗ. ಡಬ್ಬದ ಮೇಲೆ ತಯಾರಾದ ತಿಂಗಳು-ವರ್ಷ ನೋಡಿ, ಮೂರು ವರ್ಷ ದಾಟಿದ್ದರೆ ಅನುಮಾನಿಸಿ. ಸೋಲಿನ ಬದಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ: ಗುಳಿ ಬಿದ್ದು ಹಾಗೇ ಉಳಿದರೆ, ಅಂಟಂಟಾದರೆ, ಬಾಗಿಸಿದಾಗ ಕೂದಲೆಳೆಯಂಥ ಬಿರುಕು ಕಂಡರೆ 80 ಪರ್ಸೆಂಟ್ ರಿಯಾಯಿತಿಗೂ ಬೇಡ. ಪೂರ್ತಿ ರಬ್ಬರ್ ಸೋಲಿಗೆ ಈ ರೋಗವಿಲ್ಲ.

ಹಂತ 6: ತಿನ್ನುವುದು, ಹಚ್ಚುವುದು

ಮಾರ್ಟ್‌ನ ಕ್ಲಿಯರೆನ್ಸ್ ಬುಟ್ಟಿಯಲ್ಲಿ ತಿನಿಸು ಬಿದ್ದಿದೆ ಎಂದರೆ ದಿನಾಂಕ ಹತ್ತಿರ ಬಂದಿದೆ ಎಂದೇ ಅರ್ಥ. 'ಬೆಸ್ಟ್ ಬಿಫೋರ್' ಮತ್ತು 'ಎಕ್ಸ್‌ಪೈರಿ' ಅಥವಾ 'ಯೂಸ್ ಬೈ' ಒಂದೇ ಅಲ್ಲ. ಮೊದಲನೆಯದು ರುಚಿ, ಗರಿಗರಿತನಕ್ಕೆ ಸಂಬಂಧಿಸಿದ್ದು. ಎರಡನೆಯದು ದಾಟಿದ ಮೇಲೆ ಅದನ್ನು ಮಾರುವ ಹಾಗೂ ಇಲ್ಲ, ತಿನ್ನುವ ಹಾಗೂ ಇಲ್ಲ. ಆನ್‌ಲೈನ್‌ನಲ್ಲಿ ದಿನಸಿ ತರಿಸಿದರೆ ತಲುಪುವ ಹೊತ್ತಿಗೆ ಆಯುಷ್ಯದ 30 ಪರ್ಸೆಂಟ್ ಅಥವಾ 45 ದಿನ ಉಳಿದಿರಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕಂಪೆನಿಗಳಿಗೆ ಹೇಳಿದೆ. ಬುಟ್ಟಿಯ ಮುಂದೆ ನಿಂತವರಿಗೆ ಅಂಥ ಕಾವಲಿಲ್ಲ, ಕಣ್ಣೇ ಗತಿ.

ಲೆಕ್ಕ ಹೀಗಿಡಿ: ಉಳಿದ ದಿನಗಳಲ್ಲಿ ಮನೆಯಲ್ಲಿ ಖರ್ಚಾಗುವಷ್ಟು ಮಾತ್ರ. ಸಾಬೂನು, ಪಾತ್ರೆ ತೊಳೆಯುವ ಲಿಕ್ವಿಡ್, ಟೂತ್‌ಬ್ರಷ್ ಇದ್ದರೆ ಧಾರಾಳವಾಗಿ ತುಂಬಿಕೊಳ್ಳಿ. ಗೋಡಂಬಿ, ವಾಲ್‌ನಟ್, ಕುರುಕಲು ತಿಂಡಿಯ ಎಣ್ಣೆಯಂಶ ದಿನಾಂಕಕ್ಕಿಂತ ಮೊದಲೇ ಕಮಟು ಹಿಡಿದಿರಬಹುದು, ದೊಡ್ಡ ಪೊಟ್ಟಣ ಬೇಡ. ಚಾಕಲೇಟಿನ ಮೇಲೆ ಬೂದಿಬಿಳಿ ಪದರವಿದ್ದರೆ ಅದು ಬೂಷ್ಟಲ್ಲ. ಬಿಸಿಗೆ ಕರಗಿ ಮತ್ತೆ ಗಟ್ಟಿಯಾದಾಗ ಕೊಬ್ಬು ಮೇಲೆ ಬಂದಿದೆ. ತಿನ್ನಬಹುದು, ಯಾರಿಗೂ ಉಡುಗೊರೆ ಕೊಡಬೇಡಿ. ಉಬ್ಬಿದ ಟಿನ್ನು, ಉಬ್ಬಿದ ಜ್ಯೂಸ್ ಪೊಟ್ಟಣ ಮುಟ್ಟಲೇಬೇಡಿ. ಕ್ರೀಮು, ಸನ್‌ಸ್ಕ್ರೀನ್ ಹಿಂದೆ ತೆರೆದ ಡಬ್ಬಿಯ ಚಿತ್ರದೊಳಗೆ '12ಎಂ' ಎಂದಿದ್ದರೆ, ಮುಚ್ಚಳ ತೆರೆದ ಮೇಲೆ ಹನ್ನೆರಡು ತಿಂಗಳು ಎಂದರ್ಥ. ತೆರೆಯದ ಡಬ್ಬಿಗೂ ಎಕ್ಸ್‌ಪೈರಿ ಇದೆ, ಎರಡಕ್ಕೆ ಎರಡು ಉಚಿತ ಎಂದು ನಾಲ್ಕು ಸನ್‌ಸ್ಕ್ರೀನ್ ತಂದರೆ ಕೊನೆಯದು ತೆರೆಯುವ ಮೊದಲೇ ಕಸಕ್ಕೆ ಹೋಗಬಹುದು.

ಹಂತ 7: ಪ್ಲಗ್ ಇರುವ ವಸ್ತುಗಳು

ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ: ಹೊಸಬರು ಮೊದಲ ವರ್ಷ ಇವುಗಳ ತಂಟೆಗೆ ಹೋಗದಿರುವುದು ಲೇಸು. ಹೋಗಲೇಬೇಕೆಂದರೆ ಅಂಗಡಿಯಲ್ಲೇ ಪ್ಲಗ್ ಹಾಕಿಸಿ ಓಡಿಸಿ ನೋಡಿ, ವಾರಂಟಿ ಬಿಲ್ ದಿನದಿಂದ ಶುರು ಎಂದು ಬರೆಸಿಕೊಳ್ಳಿ. ವರ್ಷಗಟ್ಟಲೆ ಕೂತ ಪವರ್‌ಬ್ಯಾಂಕು ಬೇಡ, ಬಳಸದಿದ್ದರೂ ಅದರ ಬ್ಯಾಟರಿ ಸೊರಗುತ್ತದೆ. ಎಸಿ, ಫ್ರಿಜ್ಜಿನ ಸ್ಟಾರ್ ಲೇಬಲ್ಲಿನ ಮೇಲೆ ಅವಧಿ ಅಚ್ಚಾಗಿರುತ್ತದೆ. 2022ರ ಜುಲೈಯಲ್ಲಿ ಎಸಿಯ ಮಾನದಂಡ ಬಿಗಿಯಾದಾಗ ಅಲ್ಲಿಯವರೆಗೆ 5 ಸ್ಟಾರ್ ಇದ್ದದ್ದು 4ಕ್ಕೆ ಇಳಿಯಿತು. ಹಳೆ ಸ್ಟಾಕಿನ 5 ಸ್ಟಾರನ್ನು ಇಂದಿನ 5 ಸ್ಟಾರ್ ಪಕ್ಕ ಇಟ್ಟು ತೂಗಬೇಡಿ, ಕರೆಂಟ್ ಬಿಲ್ ಹತ್ತು ವರ್ಷ ಬರುತ್ತದೆ.

ಹಂತ 8: ಶೇಕಡಾ ಲೆಕ್ಕ

'50% + 20%' ಎಂದರೆ 70 ಅಲ್ಲ. 1,000 ರೂಪಾಯಿಯದು ಮೊದಲು 500 ಆಗುತ್ತದೆ, ಆ 500ರಲ್ಲಿ 20 ಪರ್ಸೆಂಟ್ ಕಳೆದರೆ 400. ಒಟ್ಟು ರಿಯಾಯಿತಿ 60. 'ಎರಡು ಕೊಂಡರೆ ಒಂದು ಉಚಿತ' ಎಂದರೆ ಮೂರೂ ಬೇಕಾಗಿದ್ದರೆ 33 ಪರ್ಸೆಂಟ್, ಒಂದೇ ಸಾಕಿದ್ದರೆ ಸೊನ್ನೆ. ಉಚಿತ ಸಾಮಾನ್ಯವಾಗಿ ಆ ಮೂರರಲ್ಲಿ ಕಡಿಮೆ ಬೆಲೆಯದು, ಆದ್ದರಿಂದ ಹತ್ತಿರ ಹತ್ತಿರದ ಬೆಲೆಯವನ್ನೇ ಜೊತೆ ಮಾಡಿ. '3,000ಕ್ಕೆ ಕೊಂಡರೆ 3,000ದ ವೋಚರ್' ಎಂಬುದನ್ನು ನಾನು ರಿಯಾಯಿತಿ ಎಂದು ಒಪ್ಪುವುದಿಲ್ಲ. ಆ ವೋಚರನ್ನು ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿಗೂ ಇಷ್ಟು ಖರೀದಿ ಎಂದು ಕಟ್ಟಿಹಾಕಿರುತ್ತಾರೆ. ಹಿಂದಿನ ಸಣ್ಣಕ್ಷರ ಓದಿದರೆ ಗೊತ್ತಾಗುತ್ತದೆ. ದಿನಸಿಯಲ್ಲಾದರೆ ಪೊಟ್ಟಣದ ಮೇಲೆ ಗ್ರಾಂಗೆ, ಮಿಲಿಲೀಟರಿಗೆ ಎಷ್ಟು ಎಂದು ಹಾಕಿರುವ ಯೂನಿಟ್ ಬೆಲೆ ಹುಡುಕಿ. 'ದೊಡ್ಡ ಪ್ಯಾಕ್ ಅಗ್ಗ' ಎಂಬ ನಂಬಿಕೆ ಎಷ್ಟೋ ಸಲ ಅಲ್ಲೇ ಕುಸಿಯುತ್ತದೆ.

ಹಂತ 9: ಬಿಲ್ಲಿಂಗ್ ಕೌಂಟರ್

ಫೋನ್ ಒಳಗಿಟ್ಟು ಸ್ಕ್ರೀನ್ ನೋಡಿ. ರ‍್ಯಾಕಿನ ಚೀಟಿ ಬದಲಾಗಿ ಕಂಪ್ಯೂಟರಿನ ಬೆಲೆ ಬದಲಾಗದೆ ಉಳಿಯುವುದು ಸೇಲ್ ದಿನಗಳಲ್ಲಿ ಮಾಮೂಲು. ರ‍್ಯಾಕಿನ ಚೀಟಿಯ ಫೋಟೊ ತೆಗೆದಿಟ್ಟುಕೊಂಡಿದ್ದರೆ ಜಗಳವಿಲ್ಲದೆ ಸರಿಹೋಗುತ್ತದೆ. ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ರಿಯಾಯಿತಿ ಕಳೆದ ಮೇಲೆ ಮತ್ತೆ ತೆರಿಗೆ ಸೇರಿಸುವುದು ತಪ್ಪೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2017ರಲ್ಲೇ, ವ್ಯಾಟ್ ಕಾಲದಲ್ಲೇ, ಹೇಳಿದೆ. ಬೆಲೆ ಇಳಿಸಿ ಹೊಸ ಎಂಆರ್‌ಪಿ ಸ್ಟಿಕ್ಕರ್ ಅಂಟಿಸಬಹುದು, ಆದರೆ ಅದು ಕಂಪೆನಿ ಅಚ್ಚು ಹಾಕಿದ ಎಂಆರ್‌ಪಿಯನ್ನು ಮುಚ್ಚಬಾರದು ಎಂಬುದು 2011ರ ಪೊಟ್ಟಣ ಸಾಮಗ್ರಿ ನಿಯಮ. ಸ್ಟಿಕ್ಕರ್ ಕೆಳಗೆ ಸ್ಟಿಕ್ಕರ್ ಕಂಡರೆ ಉಗುರಿನಿಂದ ಎಬ್ಬಿಸಿ ನೋಡಲು ನಾಚಬೇಡಿ.

'ಮಾರಿದ ಮಾಲು ವಾಪಸ್ ಇಲ್ಲ' ಎಂಬ ಬೋರ್ಡಿಗೆ ಹೊಸಬರು ಹೆದರುತ್ತಾರೆ. ಸೈಜ್ ಆಗಲಿಲ್ಲ, ಬಣ್ಣ ಮನಸ್ಸಿಗೆ ಬರಲಿಲ್ಲ ಎಂಬ ಕಾರಣಕ್ಕೆ ಆ ಬೋರ್ಡ್ ನಿಲ್ಲುತ್ತದೆ. ದೋಷವಿರುವ ಮಾಲಿಗೆ ಹಾಗಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೋಷದ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ. ಬಿಲ್ ಕೊಡದಿರುವುದೂ ಅಷ್ಟೇ. 'ಸೆಕೆಂಡ್ಸ್', ಅಂದರೆ ದೋಷವಿರುವ ಮಾಲು, ಎಂದು ಹೇಳಿ, ಕಲೆ ತೋರಿಸಿ, ಅದಕ್ಕೆಂದೇ ಬೆಲೆ ಇಳಿಸಿ ಕೊಟ್ಟದ್ದಕ್ಕೆ ಮಾತ್ರ ನಾಳೆ ಹೋಗಿ ಅದೇ ಕಲೆ ತೋರಿಸಿ ಕೇಳುವುದು ನ್ಯಾಯವಲ್ಲ.

ಮನೆಗೆ ಬಂದ ದಿನವೇ ತೊಟ್ಟು ನೋಡಿ, ಓಡಿಸಿ ನೋಡಿ, ಟ್ಯಾಗ್ ಕೀಳುವ ಮೊದಲು. ತಕರಾರು ಬಂದರೆ ಮೊದಲು ಅಂಗಡಿಗೆ ಹೋಗಿ, ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕವಿಲ್ಲ, ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಥರ್ಮಲ್ ಕಾಗದದ ಬಿಲ್ ಕೆಲವು ತಿಂಗಳಲ್ಲಿ ಬಿಳಿಯಾಗಿಬಿಡುತ್ತದೆ. ಅಂಗಡಿಯ ಬಾಗಿಲು ದಾಟುವ ಮೊದಲೇ ಅದರ ಒಂದು ಫೋಟೊ ತೆಗೆದಿಡಿ.